ಒಂದೇ ವಾರದಲ್ಲಿ ಎರಡು ಚಿನ್ನ: 1996ರ ಅಟ್ಲಾಂಟಾದಲ್ಲಿ ಮೈಕೆಲ್ ಜಾನ್ಸನ್ – ಒಂದು ಪ್ರಕರಣ ಅಧ್ಯಯನ

1996ರ ಆಗಸ್ಟ್ 1ರ ರಾತ್ರಿ ಅಟ್ಲಾಂಟಾದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಅಮೆರಿಕದ ಮೈಕೆಲ್ ಜಾನ್ಸನ್ 200 ಮೀಟರ್ ಓಟವನ್ನು 19.32 ಸೆಕೆಂಡುಗಳಲ್ಲಿ ಮುಗಿಸಿದರು. ಅದಕ್ಕೆ ಮೂರು ದಿನ ಮೊದಲಷ್ಟೇ ಅದೇ ಟ್ರ್ಯಾಕ್‌ನಲ್ಲಿ ಅವರು 400 ಮೀಟರ್ ಚಿನ್ನವನ್ನೂ ಗೆದ್ದಿದ್ದರು. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಎರಡೂ ಸ್ಪರ್ಧೆಗಳನ್ನು ಗೆದ್ದ ಪುರುಷ ಓಟಗಾರ ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಅವರ ನಂತರವೂ ಯಾರೂ ಬಂದಿಲ್ಲ. ಇಂಥ ಸಾಧನೆಯನ್ನು ಪ್ರತಿಭೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ವಾರದ ಹಿಂದಿನ ನಾಲ್ಕು ವರ್ಷಗಳನ್ನೂ ಮುಂದಿನ ನಾಲ್ಕು ವರ್ಷಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಒಂದು ಚಿತ್ರ ಕಾಣುತ್ತದೆ. ಅಟ್ಲಾಂಟಾದಲ್ಲಿ ಗೆದ್ದದ್ದು ಬರಿಯ ವೇಗವಲ್ಲ. 400 ಮೀಟರ್‌ಗೆಂದು ಕಟ್ಟಿದ ದೇಹ, ಅದಕ್ಕೆ ಹೊಂದುವಂತೆ ಬದಲಾದ ವೇಳಾಪಟ್ಟಿ ಮತ್ತು ಯಾವ ಓಟ ಮೊದಲು, ಯಾವುದು ಕೊನೆಗೆ ಎಂಬ ಕ್ರಮ, ಈ ಮೂರೂ ಕೂಡಿಬಂದ ಫಲ ಅದು. ಈ ಮೂರರಲ್ಲಿ ಒಂದು ತಪ್ಪಿದ್ದರೂ 19.32 ಎಂಬ ಅಂಕಿ ದಾಖಲೆಪುಸ್ತಕ ಸೇರುತ್ತಿರಲಿಲ್ಲ ಎಂಬುದು ನನ್ನ ತೀರ್ಮಾನ.

ಬಾರ್ಸಿಲೋನಾದ ಸೋಲು

ಜಾನ್ಸನ್ ಹುಟ್ಟಿದ್ದು 1967ರ ಸೆಪ್ಟೆಂಬರ್ 13ರಂದು, ಟೆಕ್ಸಾಸ್‌ನ ಡಲ್ಲಾಸ್ ನಗರದಲ್ಲಿ. ತಂದೆ ಟ್ರಕ್ ಚಾಲಕ, ತಾಯಿ ಶಿಕ್ಷಕಿ. ಐವರು ಮಕ್ಕಳಲ್ಲಿ ಇವರೇ ಕಿರಿಯರು. ವೇಕೋ ನಗರದ ಬೇಯ್ಲರ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರನ್ನು ಮುಂದಿನ ವಿಶ್ವವಿಜೇತ ಎಂದು ಯಾರೂ ಎಣಿಸಿರಲಿಲ್ಲ. ಅಲ್ಲಿ ಕ್ಲೈಡ್ ಹಾರ್ಟ್ ಎಂಬ ತರಬೇತುದಾರರ ಕೈಗೆ ಸಿಕ್ಕಿದ್ದೇ ಅವರ ವೃತ್ತಿಜೀವನದ ದಿಕ್ಕನ್ನು ನಿರ್ಧರಿಸಿತು. 1988ರ ಒಲಿಂಪಿಕ್ಸ್ ಕಾಲಿನ ಮೂಳೆಯ ಬಿರುಕಿನಿಂದಾಗಿ ಕೈತಪ್ಪಿತು. 1990ರ ಹೊತ್ತಿಗೆ ಅವರು 200 ಮತ್ತು 400 ಎರಡರಲ್ಲೂ ಜಗತ್ತಿನ ಮೊದಲ ಶ್ರೇಯಾಂಕದಲ್ಲಿದ್ದರು. 1991ರಲ್ಲಿ ಟೋಕಿಯೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 200 ಮೀಟರ್ ಚಿನ್ನ ಗೆದ್ದರು.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅವರು 200 ಮೀಟರ್‌ನ ನೆಚ್ಚಿನ ಸ್ಪರ್ಧಿಯಾಗಿಯೇ ಹೋದರು. ಅಮೆರಿಕದ ಆಯ್ಕೆ ಓಟದಲ್ಲಿ 19.79 ಸೆಕೆಂಡುಗಳಲ್ಲಿ ಗುರಿ ಮುಟ್ಟಿದ್ದವರು ಅವರು. ಆದರೆ ಕ್ರೀಡಾಕೂಟಕ್ಕೆ ಸುಮಾರು ಎರಡು ವಾರ ಇರುವಾಗ ಸ್ಪೇನ್‌ನ ಸಾಲಮಾಂಕಾದಲ್ಲಿ ತಿಂದ ಊಟ ವಿಷವಾಯಿತು. ಕಾಯಿಲೆ ವಾಸಿಯಾಯಿತು, ಹೋದ ಶಕ್ತಿ ಮಾತ್ರ ಮರಳಲಿಲ್ಲ. ಸೆಮಿಫೈನಲ್‌ನಲ್ಲಿ ಆರನೆಯವರಾಗಿ ಹೊರಬಿದ್ದರು. ಅದೇ ಸ್ಪರ್ಧೆಯನ್ನು ಅವರ ದೇಶದವರೇ ಆದ ಮೈಕ್ ಮಾರ್ಷ್ ಗೆದ್ದರು. ಆ ವರ್ಷ ಜಾನ್ಸನ್‌ಗೆ ದೊರೆತದ್ದು 4x400 ರಿಲೇ ಚಿನ್ನವೊಂದೇ. ಆಂಡ್ರ್ಯೂ ವಾಲ್ಮನ್, ಕ್ವಿನ್ಸಿ ವಾಟ್ಸ್ ಮತ್ತು ಸ್ಟೀವ್ ಲೂಯಿಸ್ ಜೊತೆ ಓಡಿದ ಆ ತಂಡ 2:55.74ರ ವಿಶ್ವದಾಖಲೆ ಬರೆಯಿತು.

ಈ ಪ್ರಕರಣಕ್ಕೆ ಬಾರ್ಸಿಲೋನಾ ಏಕೆ ಮುಖ್ಯವೆಂದರೆ, ಅಲ್ಲಿಂದಾಚೆಗೆ ಜಾನ್ಸನ್ ತಮ್ಮ ಭಾರವನ್ನು 400ರ ಕಡೆಗೆ ವಾಲಿಸಿದರು. 1993ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 43.65 ಸೆಕೆಂಡುಗಳಲ್ಲಿ 400 ಮೀಟರ್ ಗೆದ್ದರು. ಅಲ್ಲಿನ ರಿಲೇಯಲ್ಲಿ ಕೊನೆಯ ಸುತ್ತನ್ನು, ಬ್ಯಾಟನ್ ಹಿಡಿದು ಓಡುತ್ತಲೇ ಆರಂಭಿಸುವ ಅನುಕೂಲ ಅದಕ್ಕಿರುವುದು ನಿಜವಾದರೂ, 42.94ರಲ್ಲಿ ಮುಗಿಸಿದರು. 200 ಮೀಟರ್ ಓಟಗಾರನೊಬ್ಬ ಹವ್ಯಾಸಕ್ಕೆ 400 ಓಡುತ್ತಿದ್ದಾನೆ ಎಂಬ ಮಾತಿಗೆ ಆ ಬಳಿಕ ಅರ್ಥ ಉಳಿಯಲಿಲ್ಲ.

ಹಾರ್ಟ್ ಅವರ ವಿಧಾನ

200 ಮತ್ತು 400 ಮೀಟರ್ ಓಟಗಳು ಕಾಗದದ ಮೇಲೆ ನೆರೆಹೊರೆಯವು. ದೇಹದೊಳಗೆ ಅವುಗಳ ಬೇಡಿಕೆ ಬೇರೆಬೇರೆ. ಇಪ್ಪತ್ತು ಸೆಕೆಂಡುಗಳ ಓಟ ಬಹುಮಟ್ಟಿಗೆ ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಶಕ್ತಿಯಿಂದಲೇ ನಡೆದುಹೋಗುತ್ತದೆ. ನಲವತ್ತಮೂರು ಸೆಕೆಂಡುಗಳ ಓಟದಲ್ಲಾದರೋ ಉಸಿರಿನ ಆಮ್ಲಜನಕದ ಪಾಲು ಗಣನೀಯವಾಗಿರುತ್ತದೆ, ಸ್ನಾಯುಗಳಲ್ಲಿ ಆಮ್ಲೀಯತೆ ಏರುತ್ತದೆ, ಕೊನೆಯ ನೂರು ಮೀಟರ್‌ನಲ್ಲಿ ಯಾರೂ ವೇಗ ಹೆಚ್ಚಿಸುವುದಿಲ್ಲ. ಎಲ್ಲರೂ ನಿಧಾನವಾಗುತ್ತಾರೆ, ಕಡಿಮೆ ನಿಧಾನವಾದವನು ಗೆಲ್ಲುತ್ತಾನೆ. ಆದ್ದರಿಂದಲೇ ಹೆಚ್ಚಿನ 200 ಮೀಟರ್ ಓಟಗಾರರು 100ರ ಜೊತೆಗೆ ನಂಟು ಬೆಳೆಸುತ್ತಾರೆಯೇ ಹೊರತು 400ರ ಜೊತೆಗಲ್ಲ. ಇದಕ್ಕೆ ಮೊದಲು 200 ಮತ್ತು 400 ಎರಡರಲ್ಲೂ ವಿಶ್ವದಾಖಲೆ ಬರೆದಿದ್ದ ಟಾಮಿ ಸ್ಮಿತ್ ಕೂಡ 1968ರ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕವಾಗಿ 200 ಮಾತ್ರ ಓಡಿದರು.

ಹಾರ್ಟ್ ಅವರ ತರಬೇತಿ ಈ ಕೊನೆಯ ನೂರು ಮೀಟರ್‌ನಿಂದ ಹಿಂದಕ್ಕೆ ಲೆಕ್ಕ ಹಾಕುವಂಥದು. ಋತುವಿನ ಆರಂಭದಲ್ಲಿ 200 ಮೀಟರ್‌ನ ಅನೇಕ ಪುನರಾವರ್ತನೆಗಳು, ಮಿತವಾದ ವೇಗದಲ್ಲಿ, ನಡುವೆ ಅಲ್ಪ ವಿಶ್ರಾಂತಿಯೊಂದಿಗೆ. ವಾರಗಳು ಕಳೆದಂತೆ ಪುನರಾವರ್ತನೆಗಳ ಸಂಖ್ಯೆ ಇಳಿಯುತ್ತದೆ, ವೇಗ ಏರುತ್ತದೆ. ನಿಗದಿತ ಅಂತರದಲ್ಲಿ ಸದ್ದು ಮಾಡುವ ಸಾಧನದ ನೆರವಿನಿಂದ ಓಟಗಾರನು ತನ್ನ ಗತಿಯನ್ನು ಗಡಿಯಾರ ನೋಡದೆಯೇ ಅರಿಯುವಂತೆ ಅವರು ಮಾಡುತ್ತಿದ್ದರು. ಹೀಗೆ ಪಳಗಿದ ಜಾನ್ಸನ್ ಅವರ ದೊಡ್ಡ ಗುಣ ಗರಿಷ್ಠ ವೇಗವಲ್ಲ, ಗತಿಯ ಮೇಲಿನ ಹಿಡಿತ. ಅವರ ಓಟದ ಭಂಗಿಯೂ ಇದಕ್ಕೆ ಪೂರಕವಾಗಿತ್ತು. ಮಂಡಿಯನ್ನು ಎತ್ತರಕ್ಕೆ ಎತ್ತಿ ಉದ್ದುದ್ದ ಹೆಜ್ಜೆ ಇಡಬೇಕೆಂಬುದು ಅಂದಿನ ತರಬೇತಿಯ ಸಾಮಾನ್ಯ ಪಾಠ. ಜಾನ್ಸನ್ ಮಾತ್ರ ಬೆನ್ನನ್ನು ನೆಟ್ಟಗೆ, ತುಸು ಹಿಂದಕ್ಕೇ ವಾಲಿಸಿ, ಗಿಡ್ಡ ಹೆಜ್ಜೆಗಳನ್ನು ಹೊಲಿಗೆ ಯಂತ್ರದ ಸೂಜಿಯ ಹಾಗೆ ಪಟಪಟನೆ ಇಡುತ್ತಿದ್ದರು. ಅದನ್ನು ತಿದ್ದಬೇಕೆಂದು ಹೇಳಿದವರಿದ್ದರು. ಹಾರ್ಟ್ ತಿದ್ದಲಿಲ್ಲ, ಮತ್ತು ಈ ಪ್ರಕರಣದಲ್ಲಿ ತರಬೇತುದಾರನೊಬ್ಬ ಮಾಡದೆ ಬಿಟ್ಟ ಕೆಲಸಕ್ಕೂ ಮಾಡಿದ ಕೆಲಸದಷ್ಟೇ ಬೆಲೆ ಕಟ್ಟಬೇಕು. ಗಿಡ್ಡ ಹೆಜ್ಜೆಯ ಲಾಭ ತಿರುವಿನಲ್ಲಿ ಕಾಣುತ್ತದೆ. ದೇಹವನ್ನು ಹೊರಕ್ಕೆ ತಳ್ಳುವ ಬಲವನ್ನು ಎದುರಿಸುತ್ತ ದಿಕ್ಕು ಬದಲಿಸಲು ನೆಲದ ಸಂಪರ್ಕ ಹೆಚ್ಚು ಬಾರಿ ದೊರೆಯುತ್ತದೆ.

ವೇಳಾಪಟ್ಟಿಯ ಪ್ರಶ್ನೆ

1995ರ ಗೋಟೆನ್‌ಬರ್ಗ್ ವಿಶ್ವ ಚಾಂಪಿಯನ್‌ಷಿಪ್ ಅಟ್ಲಾಂಟಾದ ಪೂರ್ವಾಭ್ಯಾಸವಾಯಿತು. ಅಲ್ಲಿ ಜಾನ್ಸನ್ 400 ಮೀಟರ್ ಅನ್ನು 43.39ರಲ್ಲಿ, 200 ಮೀಟರ್ ಅನ್ನು 19.79ರಲ್ಲಿ ಗೆದ್ದು, ರಿಲೇ ಚಿನ್ನವನ್ನೂ ಸೇರಿಸಿಕೊಂಡರು. 400ರಲ್ಲಿ ಬುಚ್ ರೆನಾಲ್ಡ್ಸ್ ಅವರ 43.29ರ ವಿಶ್ವದಾಖಲೆಗೆ ಸೆಕೆಂಡಿನ ಹತ್ತನೇ ಒಂದು ಭಾಗ, 200ರಲ್ಲಿ ಇಟಲಿಯ ಪಿಯೆಟ್ರೋ ಮೆನ್ನೆಯಾ ಅವರ 19.72ಕ್ಕೆ ನೂರನೇ ಏಳು ಭಾಗ ಮಾತ್ರ ಕಡಿಮೆ ಬಿದ್ದಿತ್ತು. ಎರಡನ್ನೂ ಗೆಲ್ಲಬಹುದೆಂಬುದು ಸಾಬೀತಾಯಿತು. ಆದರೆ ಒಲಿಂಪಿಕ್ಸ್‌ನ ವೇಳಾಪಟ್ಟಿಯಲ್ಲಿ ಈ ಎರಡು ಸ್ಪರ್ಧೆಗಳ ಸುತ್ತುಗಳು ಒಂದರ ಮೇಲೊಂದು ಬೀಳುತ್ತಿದ್ದವು.

ಅದನ್ನು ಬದಲಿಸುವಂತೆ ಜಾನ್ಸನ್ ಕೋರಿದರು. ಪ್ರಿಮೋ ನೆಬಿಯೋಲೋ ಅಧ್ಯಕ್ಷರಾಗಿದ್ದ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಕೊನೆಗೆ ಒಪ್ಪಿತು. ಹೊಸ ವೇಳಾಪಟ್ಟಿಯಲ್ಲಿ ಜುಲೈ 26ರಿಂದ 29ರವರೆಗೆ ದಿನಕ್ಕೊಂದರಂತೆ 400ರ ನಾಲ್ಕು ಸುತ್ತುಗಳು. ಜುಲೈ 30 ಬಿಡುವು. 31ರಂದು 200ರ ಎರಡು ಸುತ್ತುಗಳು, ಆಗಸ್ಟ್ 1ರಂದು ಸೆಮಿಫೈನಲ್ ಮತ್ತು ಫೈನಲ್. ಏಳು ದಿನಗಳಲ್ಲಿ ಎಂಟು ಓಟ. ಒಬ್ಬ ಓಟಗಾರನಿಗಾಗಿ ಒಲಿಂಪಿಕ್ಸ್‌ನ ಪಟ್ಟಿಯನ್ನೇ ಬದಲಿಸುವುದು ಸರಿಯೇ ಎಂಬ ಆಕ್ಷೇಪ ಸಹಜ. ಆತಿಥೇಯ ದೇಶದ ತಾರೆಯೊಬ್ಬ ಕೇಳಿದ್ದರಿಂದಲೇ ಈ ಕೋರಿಕೆಗೆ ಅಷ್ಟು ಕಿವಿ ಸಿಕ್ಕಿತೆಂದು ನಾನೂ ಭಾವಿಸುತ್ತೇನೆ; ನಮೀಬಿಯಾದ ಓಟಗಾರ ಇದನ್ನೇ ಕೇಳಿದ್ದರೆ ಉತ್ತರ ಬೇರೆಯಾಗಿರುತ್ತಿತ್ತು. ಆದರೂ ಹಾಗೆ ತೆರೆದ ಬಾಗಿಲು ಒಬ್ಬರಿಗಷ್ಟೇ ಆಗಲಿಲ್ಲ. ಫ್ರಾನ್ಸ್‌ನ ಮಾರಿ-ಜೋಸ್ ಪೆರೆಕ್ ಅದೇ ಕೂಟದಲ್ಲಿ ಮಹಿಳೆಯರ 400 ಮತ್ತು 200 ಎರಡನ್ನೂ ಗೆದ್ದರು, ಅದೂ ಜಾನ್ಸನ್ ಗೆದ್ದ ಅದೇ ಎರಡು ದಿನಗಳಂದು.

ಇಲ್ಲಿ ಕ್ರಮವೇ ಮುಖ್ಯ. 400 ಮೊದಲು, 200 ಆಮೇಲೆ. ನಾಲ್ಕು ಸುತ್ತು 400 ಓಡಿ ದಣಿದ ಮೇಲೂ ಕಾಲಿನಲ್ಲಿ ವೇಗ ಉಳಿಯುವಂತೆ ಹಾರ್ಟ್ ಅವರು ವರ್ಷಗಟ್ಟಲೆ ಪಳಗಿಸಿದ್ದರು. 200ರ ತಜ್ಞರಿಗೆ ಅಂಥ ಬುನಾದಿ ಇರಲಿಲ್ಲ.

ಜೂನ್ 23ರಂದು, ಅಟ್ಲಾಂಟಾದ ಅದೇ ಟ್ರ್ಯಾಕ್‌ನಲ್ಲಿ ನಡೆದ ಅಮೆರಿಕದ ಆಯ್ಕೆ ಓಟದಲ್ಲಿ ಜಾನ್ಸನ್ 19.66ರಲ್ಲಿ ಓಡಿ ಮೆನ್ನೆಯಾ ಅವರ ದಾಖಲೆ ಮುರಿದರು. 1979ರಲ್ಲಿ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲಿರುವ ಮೆಕ್ಸಿಕೋ ನಗರದ ತೆಳುಗಾಳಿಯಲ್ಲಿ ಬರೆದ ಆ ದಾಖಲೆ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ಎಲ್ಲವೂ ಸುಗಮವಾಯಿತು ಎನ್ನುವಷ್ಟರಲ್ಲಿ ಜುಲೈನಲ್ಲಿ ಓಸ್ಲೋದ ಬಿಸ್ಲೆಟ್ ಕೂಟ ಬಂತು. ಅಲ್ಲಿ ನಮೀಬಿಯಾದ ಫ್ರಾಂಕಿ ಫ್ರೆಡರಿಕ್ಸ್ 19.82ರಲ್ಲಿ ಗೆದ್ದರು, ಜಾನ್ಸನ್ 19.85ರಲ್ಲಿ ಎರಡನೆಯವರಾದರು. ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿರುವಾಗ ಬಂದ ಈ ಸೋಲನ್ನು ಪತ್ರಿಕೆಗಳು ಎಚ್ಚರಿಕೆಯ ಗಂಟೆ ಎಂದವು. ಅಷ್ಟೇನೂ ಅಲ್ಲ ಎಂದು ನನಗನಿಸುತ್ತದೆ: ನೂರನೇ ಮೂರು ಭಾಗದ ಅಂತರವದು, ಋತುವಿನ ಶಿಖರವೂ ಇನ್ನೂ ಮುಂದಿತ್ತು. ಆದರೆ 200ರಲ್ಲಿ ಅವರನ್ನು ಸೋಲಿಸಬಲ್ಲವನೊಬ್ಬ ಇದ್ದಾನೆಂಬುದನ್ನು ಅದು ಖಚಿತಪಡಿಸಿತು. 400ರಲ್ಲಿ ಹಾಗೆ ಹೇಳುವಂಥವರು ಆ ವರ್ಷ ಯಾರೂ ಇರಲಿಲ್ಲ.

ಏಳು ದಿನಗಳು

400ರ ಕಥೆ ಬೇಗ ಮುಗಿಯುತ್ತದೆ. ದಾಖಲೆಯ ಒಡೆಯ ರೆನಾಲ್ಡ್ಸ್ ಸೆಮಿಫೈನಲ್‌ನಲ್ಲಿ ಗಾಯಗೊಂಡು ಹೊರಬಿದ್ದರು. ಜುಲೈ 29ರ ಫೈನಲ್‌ನಲ್ಲಿ ಜಾನ್ಸನ್ 43.49ರ ಒಲಿಂಪಿಕ್ ದಾಖಲೆಯೊಂದಿಗೆ ಗೆದ್ದರು. ಬ್ರಿಟನ್‌ನ ರೋಜರ್ ಬ್ಲ್ಯಾಕ್ 44.41, ಉಗಾಂಡದ ಡೇವಿಸ್ ಕಮೋಗಾ 44.53. ಮೊದಲನೆಯವರಿಗೂ ಎರಡನೆಯವರಿಗೂ ನಡುವೆ ಸೆಕೆಂಡಿಗೆ ಸ್ವಲ್ಪವೇ ಕಡಿಮೆ ಅಂತರ; ಒಲಿಂಪಿಕ್ ಫೈನಲ್‌ನಲ್ಲಿ ಇದನ್ನು ಸ್ಪರ್ಧೆ ಎನ್ನುವುದೇ ಕಷ್ಟ.

200ರ ಫೈನಲ್ ಹಾಗಲ್ಲ. ಫ್ರೆಡರಿಕ್ಸ್ ಇದ್ದರು, ಟ್ರಿನಿಡಾಡ್‌ನ ಆಟೋ ಬೋಲ್ಡನ್ ಇದ್ದರು. ಇಬ್ಬರೂ 100 ಮೀಟರ್‌ನಲ್ಲಿ ಪದಕ ಗೆದ್ದು ಬಂದವರು. ಜಾನ್ಸನ್‌ಗೆ ದೊರೆತದ್ದು ಮೂರನೇ ಲೇನ್, ಅಂದರೆ ಬಿಗಿಯಾದ ತಿರುವು. ಹೊರಟ ಕೆಲವೇ ಹೆಜ್ಜೆಗಳಲ್ಲಿ ಅವರು ತುಸು ಎಡವಿದರು. ಆ ಎಡವುವಿಕೆಯನ್ನು ಮರುಪ್ರಸಾರದಲ್ಲಿ ಹುಡುಕಿ ನೋಡಬೇಕು, ಅಷ್ಟು ಸಣ್ಣದು. ಆಮೇಲೆ ನಡೆದದ್ದನ್ನು ಅಂಕಿಗಳಲ್ಲೇ ಹೇಳುವುದು ಮೇಲು. ಮೊದಲ ನೂರು ಮೀಟರ್ 10.12 ಸೆಕೆಂಡು, ಎರಡನೆಯದು 9.20. ಜಾನ್ಸನ್ ತಮ್ಮ ಇಡೀ ಜೀವನದಲ್ಲಿ ನೇರ ಹಾದಿಯ 100 ಮೀಟರ್ ಅನ್ನು ಓಡಿದ ಅತ್ಯುತ್ತಮ ಸಮಯ 10.09. ಅಂದರೆ ಆ ರಾತ್ರಿ ಅವರು ಮೂರನೇ ಲೇನಿನ ತಿರುವನ್ನು, ಎಡವಿದ ಹೆಜ್ಜೆಯನ್ನೂ ಸೇರಿಸಿ, ತಮ್ಮ ನೇರ ಹಾದಿಯ ಅತ್ಯುತ್ತಮಕ್ಕಿಂತ ನೂರನೇ ಮೂರು ಭಾಗವಷ್ಟೇ ನಿಧಾನವಾಗಿ ದಾಟಿದರು. ಈ ಪ್ರಕರಣದ ತಿರುಳು ಈ ಎರಡು ಅಂಕಿಗಳ ಹೋಲಿಕೆಯಲ್ಲಿದೆ ಎಂದು ನಾನು ಎಣಿಸುತ್ತೇನೆ. ಎಲ್ಲರ ಕಣ್ಣು 19.32ರ ಮೇಲೆ ನಿಂತಿತು; ನಿಜವಾಗಿ ಬೆರಗು ಹುಟ್ಟಿಸುವುದು ಆ 10.12.

ಎರಡನೇ ಅರ್ಧ ಹಾರ್ಟ್ ಅವರ ತರಬೇತಿಗೆ ಸೇರಿದ್ದು. ನೇರ ಹಾದಿಗೆ ಬಂದ ಮೇಲೆ ಫ್ರೆಡರಿಕ್ಸ್ ನಿಧಾನವಾದರೆಂದು ನೋಡುವವರಿಗೆ ಅನಿಸುತ್ತದೆ, ಆದರೆ ಅವರ ಸಮಯ 19.68. ಆ ದಿನದ ಮಟ್ಟಿಗೆ ಜಗತ್ತಿನ ಇತಿಹಾಸದಲ್ಲೇ ಜಾನ್ಸನ್ ಹೊರತು ಯಾರೂ ಓಡದ ವೇಗ ಅದು. ಆರು ವಾರ ಮೊದಲಾಗಿದ್ದರೆ ಅದೇ ವಿಶ್ವದಾಖಲೆ. ಬೋಲ್ಡನ್ 19.80ರಲ್ಲಿ ಮೂರನೆಯವರು. ಹಿಂಬದಿಯ ಗಾಳಿ ಸೆಕೆಂಡಿಗೆ 0.4 ಮೀಟರ್, ದಾಖಲೆ ಮಾನ್ಯವಾಗಲು ಇರುವ ಮಿತಿಗಿಂತ ಬಹಳ ಕಡಿಮೆ. ಒಂದೇ ಓಟದಲ್ಲಿ ವಿಶ್ವದಾಖಲೆ 0.34 ಸೆಕೆಂಡು ಕೆಳಗಿಳಿಯಿತು. ಮೆನ್ನೆಯಾ ಅವರ ದಾಖಲೆಯಿಂದ 0.06 ಸೆಕೆಂಡು ಕಡಿಮೆ ಮಾಡಲು ಜಗತ್ತಿಗೆ ಹದಿನಾರು ವರ್ಷ ಹಿಡಿದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕಾಲಲ್ಲಿದ್ದ ಚಿನ್ನದ ಬಣ್ಣದ ಸ್ಪೈಕ್ ಶೂಗಳ ಬಗ್ಗೆ ಬರೆದವರು ಬಹಳ. ಗೆಲ್ಲುವ ಮೊದಲೇ ಚಿನ್ನ ತೊಡುವ ಧೈರ್ಯ ಮೆಚ್ಚತಕ್ಕದ್ದೇ, ಆದರೆ ಓಟದ ವಿವರಣೆಗೆ ಅದರಿಂದ ಏನೂ ಸಿಗುವುದಿಲ್ಲ.

ತೆತ್ತ ಬೆಲೆ

ಆ ಓಟದ ಕೊನೆಯ ಹೆಜ್ಜೆಗಳಲ್ಲೇ ಜಾನ್ಸನ್ ಅವರ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡಿತು. ಎಂಟು ಓಟಗಳ ಲೆಕ್ಕದಲ್ಲಿ ದೇಹ ಸರಿಯಾಗಿ ಎಂಟನೆಯದರ ಅಂತ್ಯಕ್ಕೆ ಕೈಚೆಲ್ಲಿತು. ಅವರು 4x400 ರಿಲೇಯಿಂದ ಹಿಂದೆ ಸರಿದರು. ಲಾಮಾಂಟ್ ಸ್ಮಿತ್, ಆಲ್ವಿನ್ ಹ್ಯಾರಿಸನ್, ಡೆರೆಕ್ ಮಿಲ್ಸ್ ಮತ್ತು ಆಂಥುವಾನ್ ಮೇಬ್ಯಾಂಕ್ ಅವರ ತಂಡ ಜಾನ್ಸನ್ ಇಲ್ಲದೆಯೂ ಚಿನ್ನ ಗೆದ್ದಿತು. ಬಿಡುವಿನ ಆ ಒಂದು ದಿನ, ಜುಲೈ 30, ಇಲ್ಲದಿದ್ದರೆ ಈ ಗಾಯ ಮೂರು ದಿನ ಮೊದಲೇ ಬರುತ್ತಿತ್ತೋ ಏನೋ.

ಇನ್ನೊಂದು ಬೆಲೆ ತಪ್ಪು ತಿಳಿವಳಿಕೆಯದು. ಜುಲೈ 27ರಂದು ಕೆನಡಾದ ಡೊನೋವನ್ ಬೈಲಿ 100 ಮೀಟರ್ ಅನ್ನು 9.84ರ ವಿಶ್ವದಾಖಲೆಯೊಂದಿಗೆ ಗೆದ್ದಿದ್ದರು. 19.32ನ್ನು ಎರಡರಿಂದ ಭಾಗಿಸಿದರೆ 9.66 ಬರುತ್ತದೆ, ಆದ್ದರಿಂದ ಜಗತ್ತಿನ ಅತಿ ವೇಗದ ಮನುಷ್ಯ ಜಾನ್ಸನ್ ಎಂದು ಅಮೆರಿಕದ ಮಾಧ್ಯಮಗಳು ಹೇಳತೊಡಗಿದವು. ಈ ಲೆಕ್ಕದಲ್ಲಿ ಹುಳುಕಿದೆ. ನಿಂತಲ್ಲಿಂದ ಹೊರಟು ವೇಗ ಗಳಿಸಲು ತಗಲುವ ಸಮಯವನ್ನು 100ರ ಓಟಗಾರ ನೂರು ಮೀಟರ್‌ಗೆ ಹಂಚಬೇಕು, 200ರ ಓಟಗಾರ ಇನ್ನೂರಕ್ಕೆ ಹಂಚುತ್ತಾನೆ. ಮೆನ್ನೆಯಾ ಅವರ 19.72ನ್ನು ಹೀಗೆಯೇ ಭಾಗಿಸಿದ್ದರೆ ಅವರೂ ತಮ್ಮ ಕಾಲದ ಎಲ್ಲ 100 ಮೀಟರ್ ಓಟಗಾರರನ್ನು ಮೀರಿಸಿದವರಾಗುತ್ತಿದ್ದರು. ಆದರೂ ವಾದ ಬೆಳೆಯಿತು, ಹಣ ಸೇರಿತು, 1997ರ ಜೂನ್ 1ರಂದು ಟೊರಾಂಟೋದ ಸ್ಕೈಡೋಮ್‌ನಲ್ಲಿ ಇಬ್ಬರ ನಡುವೆ 150 ಮೀಟರ್ ಓಟ ಏರ್ಪಟ್ಟಿತು. ಬೈಲಿ ಮುಂದಿದ್ದಾಗಲೇ ಜಾನ್ಸನ್ ತೊಡೆಯ ಸ್ನಾಯು ಹಿಡಿದು ಓಟ ನಿಲ್ಲಿಸಿದರು. ಗತಿಯನ್ನು ಕೊನೆಯವರೆಗೆ ಕಾಯ್ದುಕೊಳ್ಳುವುದರಲ್ಲಿ ನಿಸ್ಸೀಮನಾದವನನ್ನು ಗರಿಷ್ಠ ವೇಗದ ಪರೀಕ್ಷೆಗೆ ನಿಲ್ಲಿಸಿದ್ದೇ ಆ ಏರ್ಪಾಡಿನ ದೋಷ. ಅದಕ್ಕೆ ಒಪ್ಪಿಕೊಂಡದ್ದು ಜಾನ್ಸನ್ ಅವರ ದೋಷ.

ಆ ವರ್ಷವೆಲ್ಲ ಅದರ ನೆರಳಿನಲ್ಲೇ ಕಳೆಯಿತು. ಪ್ಯಾರಿಸ್‌ನಲ್ಲಿ 400ರ ಫೈನಲ್‌ಗಳ 58 ಸತತ ಗೆಲುವುಗಳ ಸರಣಿ ಮುರಿಯಿತು. ಹಾಲಿ ಚಾಂಪಿಯನ್‌ಗಳಿಗೆ ನೇರ ಪ್ರವೇಶ ನೀಡುವ ಹೊಸ ನಿಯಮದ ದೆಸೆಯಿಂದ ಅಥೆನ್ಸ್ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿ, ಅಲ್ಲಿ 44.12ರಲ್ಲಿ ಗೆದ್ದು ಬಂದರು.

400ಕ್ಕೆ ಮರಳಿಕೆ

ಅಟ್ಲಾಂಟಾದ ನಂತರ ಜಾನ್ಸನ್ 200ರಲ್ಲಿ 19.32ರ ಹತ್ತಿರಕ್ಕೂ ಬರಲಿಲ್ಲ. 400ರಲ್ಲಿ ಅವರ ಅತ್ಯುತ್ತಮ ಓಟ ಇನ್ನೂ ಮುಂದಿತ್ತು. 1999ರ ಆಗಸ್ಟ್ 26ರಂದು ಸೆವಿಯಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಗಾಯಗಳಿಂದಾಗಿ ಬಹಳ ಕಡಿಮೆ ಓಡಿದ್ದ ಋತುವಿನಲ್ಲಿ, 43.18ರ ವಿಶ್ವದಾಖಲೆ ಬಂತು. ರೆನಾಲ್ಡ್ಸ್ ಅವರ 1988ರ ದಾಖಲೆ ಹನ್ನೊಂದು ವರ್ಷಗಳ ಬಳಿಕ ಅಳಿಯಿತು. ನೂರು ಮೀಟರ್‌ಗಳ ಲೆಕ್ಕ ಹೀಗಿದೆ: 11.10, 10.12, 10.44, 11.52. ಮೊದಲ ಅರ್ಧ 21.22, ಎರಡನೇ ಅರ್ಧ 21.96. ಒಳ್ಳೆಯ ಓಟಗಾರರಲ್ಲೂ ಈ ಎರಡು ಅರ್ಧಗಳ ನಡುವೆ ಒಂದರಿಂದ ಎರಡು ಸೆಕೆಂಡು ಅಂತರ ಬೀಳುವುದು ಸಾಮಾನ್ಯ. ಇಲ್ಲಿ ಮುಕ್ಕಾಲು ಸೆಕೆಂಡೂ ಇಲ್ಲ. 2000ದ ಸಿಡ್ನಿಯಲ್ಲಿ, 33 ವರ್ಷ 12 ದಿನಗಳ ವಯಸ್ಸಿನಲ್ಲಿ, 43.84ರಲ್ಲಿ ಅವರು 400ರ ಚಿನ್ನವನ್ನು ಉಳಿಸಿಕೊಂಡರು. ಆ ವರ್ಷ ಅವರಿಗೆ 200 ಓಡುವ ಅವಕಾಶವೇ ಇರಲಿಲ್ಲ. ಸ್ಯಾಕ್ರಮೆಂಟೋದ ಆಯ್ಕೆ ಫೈನಲ್‌ನಲ್ಲಿ ಅವರೂ ಮಾರಿಸ್ ಗ್ರೀನ್ ಅವರೂ ಇಬ್ಬರೂ ಗಾಯಗೊಂಡು ನಿಂತಿದ್ದರು. 2001ರಲ್ಲಿ ಅವರು ನಿವೃತ್ತರಾದರು.

ಪದಕಗಳ ಲೆಕ್ಕದಲ್ಲಿ ಒಂದು ತಿದ್ದುಪಡಿ ಇದೆ. ಸಿಡ್ನಿಯ ರಿಲೇಯಲ್ಲಿ ಜೊತೆಗೆ ಓಡಿದ್ದ ಆಂಟೋನಿಯೋ ಪೆಟಿಗ್ರೂ ತಾವು ನಿಷೇಧಿತ ಮದ್ದು ಬಳಸಿದ್ದಾಗಿ 2008ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಒಲಿಂಪಿಕ್ ಸಮಿತಿ ತೀರ್ಮಾನ ಹೇಳುವ ಮೊದಲೇ ಜಾನ್ಸನ್ ತಮ್ಮ ಆ ಚಿನ್ನವನ್ನು ಮರಳಿಸುವುದಾಗಿ ಘೋಷಿಸಿದರು. ಪೆಟಿಗ್ರೂ ಇದ್ದ 1998ರ 2:54.20ರ ರಿಲೇ ದಾಖಲೆಯೂ ರದ್ದಾಯಿತು. ಅದರ ಜಾಗಕ್ಕೆ ಮರಳಿದ್ದು ಸ್ಟುಟ್‌ಗಾರ್ಟ್‌ನ 2:54.29, ಜಾನ್ಸನ್ ಕೊನೆಯ ಸುತ್ತನ್ನು 42.94ರಲ್ಲಿ ಓಡಿದ ಅದೇ ಓಟ.

ಅವರ ಎರಡು ವೈಯಕ್ತಿಕ ದಾಖಲೆಗಳನ್ನು ಮುರಿದವರು ಇಬ್ಬರು ಬೇರೆಬೇರೆ ಓಟಗಾರರು: 200ರದನ್ನು 2008ರಲ್ಲಿ ಬೀಜಿಂಗ್‌ನಲ್ಲಿ 19.30 ಓಡಿದ ಉಸೇನ್ ಬೋಲ್ಟ್, 400ರದನ್ನು 2016ರಲ್ಲಿ ರಿಯೋದ ಎಂಟನೇ ಲೇನಿನಿಂದ 43.03 ಓಡಿದ ದಕ್ಷಿಣ ಆಫ್ರಿಕಾದ ವೇಡ್ ವಾನ್ ನೀಕರ್ಕ್. ಎರಡನ್ನೂ ಒಟ್ಟಿಗೆ ಗೆಲ್ಲಲು ಗಂಭೀರವಾಗಿ ಯತ್ನಿಸಿದವರು ವಾನ್ ನೀಕರ್ಕ್, 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ. 100 ಮೀಟರ್ ಅನ್ನು ಹತ್ತು ಸೆಕೆಂಡಿನೊಳಗೆ ಓಡಬಲ್ಲ ಅವರು ಬರಿಯ ವೇಗದಲ್ಲಿ ಜಾನ್ಸನ್ ಅವರಿಗಿಂತ ಮುಂದಿದ್ದವರೇ. ಆದರೆ ಲಂಡನ್‌ನ ಪಟ್ಟಿಯಲ್ಲಿ ಬಿಡುವಿನ ದಿನವಿರಲಿಲ್ಲ: 400ರ ಸೆಮಿಫೈನಲ್ ಮತ್ತು ಫೈನಲ್ ನಡುವಿನ ಆಗಸ್ಟ್ 7ರಂದೇ 200ರ ಮೊದಲ ಸುತ್ತನ್ನು ಓಡಬೇಕಾಯಿತು. 8ರಂದು 400 ಮೀಟರ್ ಅನ್ನು 43.98ರಲ್ಲಿ ಗೆದ್ದರು, 9ರಂದು 200ರ ಸೆಮಿಫೈನಲ್, 10ರಂದು ಫೈನಲ್‌ನಲ್ಲಿ ಟರ್ಕಿಯ ರಮೀಲ್ ಗುಲಿಯೆವ್ 20.09, ವಾನ್ ನೀಕರ್ಕ್ 20.11.